ಗ್ರೋ ರೂಮಿನ ಧಗೆ: ಎಸಿ ಕೊಳ್ಳುವ ಮೊದಲು ದೀಪದ ಹೊತ್ತು ಬದಲಿಸಿ

ಪ್ರಶ್ನೆ: ನಮ್ಮದು ದಾವಣಗೆರೆ. ಮೇಲಿನ ಮಹಡಿಯಲ್ಲಿ ಖಾಲಿ ಇದ್ದ ಕೋಣೆಯಲ್ಲಿ ನವೆಂಬರಿನಿಂದ ಲೆಟಿಸ್ (ಸಲಾಡ್ ಸೊಪ್ಪು) ಮತ್ತು ಮೈಕ್ರೋಗ್ರೀನ್ಸ್ (ಮೊಳೆತು ಎಳೆಯದಾಗಿರುವಾಗಲೇ ಕೊಯ್ಯುವ ಸೊಪ್ಪು) ಬೆಳೆದು ಊರಿನ ಕೆಲವು ಹೋಟೆಲುಗಳಿಗೆ ಕೊಡುತ್ತಿದ್ದೇನೆ. ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಮೂರು ರ‍್ಯಾಕ್‌ಗಳಿವೆ. ಒಂದೊಂದಕ್ಕೆ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿಗೆ 20 ವಾಟ್‌ನ ನಾಲ್ಕು ಎಲ್‌ಇಡಿ ಟ್ಯೂಬ್. ಎರಡು ರ‍್ಯಾಕ್‌ನಲ್ಲಿ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲಿ ಲೆಟಿಸ್, ಒಂದರಲ್ಲಿ ಮೈಕ್ರೋಗ್ರೀನ್ಸ್. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ದೀಪ. ಕಿಟಕಿಯ ಮೇಲ್ಭಾಗದಲ್ಲಿ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಇದೆ, ಅದನ್ನು ದೀಪದ ಟೈಮರಿಗೇ ಸೇರಿಸಿದ್ದೇನೆ. ಪೆಟ್ಟಿಗೆಯ ಮೇಲೆ ಗಂಟೆಗೆ 700 ಘನ ಮೀಟರ್ ಎಂದಿತ್ತು. ಗಾಳಿ ಬರಲಿ ಎಂದು ಅದೇ ಕಿಟಕಿಯ ಕೆಳಭಾಗ ತೆರೆದಿಟ್ಟು ಜಾಲರಿ ಹಾಕಿದ್ದೇನೆ. ಎದುರು ಗೋಡೆಯಲ್ಲಿ ತೆರೆದ ತಾರಸಿಗೆ ಹೋಗುವ ಬಾಗಿಲಿದೆ, ಅದು ಸದಾ ಮುಚ್ಚಿರುತ್ತದೆ.

ಚಳಿಗಾಲದಲ್ಲಿ ಎಲ್ಲ ಚೆನ್ನಾಗಿತ್ತು. ಮಾರ್ಚ್ ಕೊನೆಯಿಂದ ಮಧ್ಯಾಹ್ನ ಕೋಣೆ 39 ಡಿಗ್ರಿ ತೋರಿಸುತ್ತಿದೆ. ಲೆಟಿಸ್‌ನ ಒಳ ಎಲೆಗಳ ಅಂಚು ಸುಟ್ಟಂತೆ ಕಾಣುತ್ತದೆ, ಕಹಿಯಾಗಿದೆ, ದಂಟು ಮೇಲೇಳುತ್ತಿದೆ. ಸೂರ್ಯಕಾಂತಿ ಮೈಕ್ರೋಗ್ರೀನ್ಸ್ ಟ್ರೇಗಳಲ್ಲಿ ಬೆಳಿಗ್ಗೆ ಬಿಳಿ ಬೂಷ್ಟು. ಅಂಗಡಿಯವರು ಒಂದೂವರೆ ಟನ್ ಎಸಿ ಹಾಕಿ ಅನ್ನುತ್ತಾರೆ. ಸ್ನೇಹಿತರು ಕೂಲರ್ ಸಾಕು ಅನ್ನುತ್ತಾರೆ. ದೀಪಗಳ ಮೇಲೆ ಪೈಪಿನಲ್ಲಿ ಗಾಳಿ ಹಾಯಿಸುವ ವಿಧಾನವನ್ನೂ ವಿಡಿಯೋದಲ್ಲಿ ನೋಡಿದೆ. ಎಲ್‌ಇಡಿ ಬಿಸಿಯಾಗಲ್ಲ ಎಂದು ನಂಬಿ ಇಷ್ಟೆಲ್ಲ ಮಾಡಿದೆ. ಈಗ ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ನೀವು ಅಳತೆಗಳನ್ನೆಲ್ಲ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಇಂಥ ಪ್ರಶ್ನೆಗೆ ಅಂಕಿಗಳಿಲ್ಲದೆ ಉತ್ತರ ಹೇಳಿದರೆ ಅದು ಸುಮ್ನೆ ಊಹೆಯಾಗುತ್ತದೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಬೆಳೆ ಕೈಗೆ ಬರುತ್ತಿದ್ದ ಹೊತ್ತಿನಲ್ಲಿ ಬೇಸಿಗೆ ಬಂದಿದೆ, ಹೋಟೆಲಿನವರಿಗೆ ಕೊಟ್ಟ ಮಾತಿದೆ, ಮೂವರು ಮೂರು ದಾರಿ ಹೇಳುತ್ತಿದ್ದಾರೆ. ನನ್ನ ಉತ್ತರ ಇಷ್ಟು: ಇವತ್ತೇ ಎಸಿ ಕೊಳ್ಳಬೇಡಿ. ಮೊದಲು ದೀಪ ಉರಿಯುವ ಹೊತ್ತನ್ನು ರಾತ್ರಿಗೆ ತನ್ನಿ. ಆಮೇಲೆ ಗಾಳಿಯ ದಾರಿ ಸರಿ ಮಾಡಿ. ಅಷ್ಟಾದ ಮೇಲೂ ಎಸಿ ಬೇಕಾದರೆ ಒಂದು ಟನ್ನಿನದೇ ಸಾಕಾಗುವ ಸಾಧ್ಯತೆ ಜಾಸ್ತಿ.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ಮಾತಿನಿಂದ ಶುರು ಮಾಡೋಣ. ಹಳೆಯ ಸೋಡಿಯಂ ದೀಪಗಳ ಜೊತೆ ಹೋಲಿಸಿ ಹುಟ್ಟಿದ ಮಾತಿದು. ಅದೇ ಬೆಳಕಿಗೆ ಎಲ್‌ಇಡಿ ಕಡಿಮೆ ಕರೆಂಟ್ ತಿನ್ನುತ್ತದೆ, ನಿಜ. ಆದರೆ ತಿಂದ ಕರೆಂಟ್ ಎಲ್ಲಿಗೆ ಹೋಗುತ್ತದೆ? ಸುಮಾರು ಅರ್ಧ ನೇರವಾಗಿ ಶಾಖವಾಗುತ್ತದೆ. ಉಳಿದದ್ದು ಬೆಳಕಾಗಿ ಎಲೆ, ಟ್ರೇ, ಗೋಡೆಗಳ ಮೇಲೆ ಬಿದ್ದು ಅಲ್ಲಿ ಶಾಖವಾಗುತ್ತದೆ. ಗಿಡ ಆಹಾರ ಮಾಡಿಕೊಳ್ಳಲು ಬಳಸುವ ಪಾಲು ತೀರಾ ಚಿಕ್ಕದು. ಹಾಗಾಗಿ ನಿಮ್ಮ 48 ಟ್ಯೂಬುಗಳ 960 ವಾಟ್ ಅಂದರೆ ಕೋಣೆಯೊಳಗೆ ಒಂದು ಕಿಲೋವಾಟ್ ಹೀಟರ್ ದಿನಕ್ಕೆ 16 ಗಂಟೆ ಉರಿದ ಲೆಕ್ಕ.

ಈ ಶಾಖ ಹೊರಗೆ ಹೋಗಬೇಕು. ಅದಕ್ಕೆ ನಾನು ಬಳಸುವ ಲೆಕ್ಕ ಸರಳ. ವಾಟ್ ಅನ್ನು ಮೂರರಿಂದ ಗುಣಿಸಿ, ಗಂಟೆಗೆ ಹೊರಹೋಗುವ ಗಾಳಿಯ ಘನ ಮೀಟರಿನಿಂದ ಭಾಗಿಸಿ. ಹೊರಗಿನ ಗಾಳಿಗಿಂತ ಕೋಣೆ ಎಷ್ಟು ಡಿಗ್ರಿ ಜಾಸ್ತಿ ಇರುತ್ತದೆ ಎಂಬುದು ಬರುತ್ತದೆ. ಮೂರು ಡಿಗ್ರಿ ಏರಿಕೆ ಸಾಕು ಅಂದುಕೊಂಡರೆ ಒಂದು ವಾಟ್‌ಗೆ ಗಂಟೆಗೆ ಒಂದು ಘನ ಮೀಟರ್ ಗಾಳಿ ಬೇಕು. ನಿಮಗೆ 960. ನಿಮ್ಮ ಫ್ಯಾನಿನದು 700, ಅದೂ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗ. ಜಾಲರಿ, ಧೂಳು, ಕಿರಿದಾದ ದಾರಿ ಎಲ್ಲ ಸೇರಿದರೆ 450 ಬಂದರೆ ಹೆಚ್ಚು. ಆಗ ಏರಿಕೆ 6 ಡಿಗ್ರಿ ದಾಟುತ್ತದೆ. ಎಲೆಗಳಿಂದ ಆರುವ ನೀರು ಸ್ವಲ್ಪ ಶಾಖವನ್ನು ಎಳೆದುಕೊಳ್ಳುತ್ತದೆ, ಅಷ್ಟರಮಟ್ಟಿಗೆ ಲೆಕ್ಕ ತಗ್ಗಬಹುದು. ಆದರೆ ಕೋಣೆಯ ಮೇಲಿನ ತಾರಸಿಯ ಕಾವು ಅದನ್ನು ಮತ್ತೆ ಮೇಲಕ್ಕೆ ಒಯ್ಯುತ್ತದೆ. ಮೇಲಿನ ಮಹಡಿಯ ಕೋಣೆಗೆ ಮಧ್ಯಾಹ್ನ ಸ್ಲ್ಯಾಬಿನಿಂದ ಇಳಿಯುವ ಶಾಖ ದೀಪಗಳ ಶಾಖಕ್ಕೆ ಸರಿಸಮನಾಗಿ ನಿಲ್ಲಬಹುದು.

ಇನ್ನೊಂದು ಮುಖ್ಯ ಸಂಗತಿ ನಿಮ್ಮ ಪತ್ರದಲ್ಲೇ ಇದೆ. ಫ್ಯಾನ್ ಕಿಟಕಿಯ ಮೇಲೆ, ಗಾಳಿ ಬರುವ ದಾರಿ ಅದೇ ಕಿಟಕಿಯ ಕೆಳಗೆ. ಗಾಳಿ ಕೆಳಗಿನಿಂದ ಬಂದು ಅಲ್ಲೇ ಮೇಲಕ್ಕೆ ಹತ್ತಿ ಹೊರಟುಹೋಗುತ್ತದೆ. ಆಚೆ ಗೋಡೆಯ ಪಕ್ಕದ ರ‍್ಯಾಕ್‌ಗೆ ಅದು ಮುಟ್ಟುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ನಾನು ಮಾಡಿಕೊಟ್ಟ ಮೊದಲ ಕೋಣೆಯಲ್ಲೂ ಇದೇ ತಪ್ಪು ಆಗಿತ್ತು. ಎರಡು ಫ್ಯಾನ್ ಹಾಕಿದ್ದರೂ ಒಳಗಿನ ಮೂಲೆ ಕಾಯುತ್ತಲೇ ಇತ್ತು. ಬೆಳೆದವರು ಎರಡು ಕೊಯ್ಲು ಕಳೆದುಕೊಂಡರು. ಅವತ್ತಿನಿಂದ ಯಾವ ಕೋಣೆಗೆ ಹೋದರೂ ನನ್ನ ಮೊದಲ ಉಪಕರಣ ಊದುಬತ್ತಿ. ನೀವೂ ಒಂದು ಹಚ್ಚಿ, ಫ್ಯಾನ್ ಓಡುತ್ತಿರುವಾಗ ರ‍್ಯಾಕ್‌ಗಳ ನಡುವೆ ಹಿಡಿದು ನೋಡಿ. ಹೊಗೆ ಒಂದೇ ದಿಕ್ಕಿಗೆ ಸಾಗಿದರೆ ಗಾಳಿ ಹರಿಯುತ್ತಿದೆ. ಅಲ್ಲೇ ಸುತ್ತುತ್ತಿದ್ದರೆ ಅಲ್ಲಿ ಶಾಖ ನಿಂತಿದೆ.

ಎದುರು ಗೋಡೆಯ ಬಾಗಿಲು ನಿಮಗೆ ಸಿಕ್ಕ ಅನುಕೂಲ. ಅದರ ಕೆಳಭಾಗದಲ್ಲಿ ಗಾಳಿ ಒಳಬರುವ ದಾರಿ ಮಾಡಿಸಿ, ಕಿಟಕಿಯ ಕೆಳಭಾಗ ಪೂರ್ತಿ ಮುಚ್ಚಿ. ಆಗ ಗಾಳಿ ಕೋಣೆಯ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಜಾಲರಿ ಇಲ್ಲದಿದ್ದರೆ 2 ಚದರ ಅಡಿ ದಾರಿ ಸಾಕು. ಆದರೆ ಜಾಲರಿ ಬೇಕೇ ಬೇಕು. 40 ಮೆಶ್‌ನ (ಇಂಚಿಗೆ 40 ಕಣ್ಣಿನ) ಕೀಟದ ಬಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗವನ್ನು ದಾರವೇ ತಿನ್ನುತ್ತದೆ, ಹಾಗಾಗಿ 5 ಚದರ ಅಡಿ ಇಡಿ. ವಾರಕ್ಕೊಮ್ಮೆ ಬಲೆ ತೊಳೆಯಿರಿ. ಫ್ಯಾನನ್ನು 12 ಇಂಚಿನದಕ್ಕೆ ಬದಲಿಸಿ. ಕೊಳ್ಳುವಾಗ ಇಂಚು ನೋಡಬೇಡಿ, ಗಂಟೆಗೆ ಎಷ್ಟು ಘನ ಮೀಟರ್ ಎಂಬುದನ್ನು ನೋಡಿ. ಪೆಟ್ಟಿಗೆಯ ಮೇಲೆ 1,400 ಇದ್ದರೆ ನಿಮ್ಮ ಜಾಲರಿಯ ಜೊತೆ 900 ನಿಜವಾಗಿ ಸಿಗುತ್ತದೆ ಅಂದುಕೊಳ್ಳಿ.

ಆದರೆ ಎಷ್ಟೇ ದೊಡ್ಡ ಫ್ಯಾನ್ ಇರಲಿ, ಅದು ಕೋಣೆಯನ್ನು ಹೊರಗಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್ ಮಧ್ಯಾಹ್ನ ಹೊರಗೆ 38 ಇದ್ದರೆ ಒಳಗೆ ಬರುವುದೂ 38ರ ಗಾಳಿಯೇ. ಇಲ್ಲಿ ದೀಪದ ಹೊತ್ತಿನ ಮಾತು ಬರುತ್ತದೆ.

ನಿಮ್ಮ ಗಿಡಗಳು ಸೂರ್ಯನನ್ನು ನೋಡಿಯೇ ಇಲ್ಲ. ಅವಕ್ಕೆ ನೀವು ದೀಪ ಹಾಕಿದ್ದೇ ಹಗಲು, ಆರಿಸಿದ್ದೇ ರಾತ್ರಿ. ಹಾಗಿದ್ದಾಗ ಊರೆಲ್ಲ ಕಾಯುವ ಹೊತ್ತಿನಲ್ಲೇ ಒಂದು ಕಿಲೋವಾಟ್ ಉರಿಸಬೇಕೇಕೆ? ಸಂಜೆ 6ಕ್ಕೆ ದೀಪ ಹಾಕಿ, ಬೆಳಿಗ್ಗೆ 10ಕ್ಕೆ ಆರಿಸಿ. ಅದೇ 16 ಗಂಟೆ. ನಿಮ್ಮ ಊರಲ್ಲಿ ಬೇಸಿಗೆಯಲ್ಲೂ ನಸುಕಿಗೆ ಗಾಳಿ 23, 24ಕ್ಕೆ ಇಳಿಯುತ್ತದೆ. ಮೂರು ಡಿಗ್ರಿ ಏರಿಕೆ ಸೇರಿಸಿದರೂ ಕೋಣೆ 27. ಲೆಟಿಸ್‌ಗೆ ಹಿತವಾದದ್ದು 18ರಿಂದ 24, ಆದರೆ 39ರ ಪಕ್ಕದಲ್ಲಿ 27 ಬಹಳ ದೊಡ್ಡ ನೆಮ್ಮದಿ. ಟೈಮರ್ ನಿಮ್ಮ ಹತ್ತಿರವೇ ಇದೆ, ಅಂದರೆ ಇದಕ್ಕೆ ಖರ್ಚೇ ಇಲ್ಲ. ದಿನಕ್ಕೆ ಎರಡು ಗಂಟೆಯಂತೆ ಮುಂದೂಡುತ್ತಾ ಹೋದರೆ ಆರು ದಿನದಲ್ಲಿ ಬದಲಾವಣೆ ಮುಗಿಯುತ್ತದೆ.

ಇದರಲ್ಲಿ ಎರಡು ತೊಂದರೆಗಳಿವೆ. ರಾತ್ರಿ ಬೆಳಗುವ ಕಿಂಡಿ ಹುಳುಗಳನ್ನು ಕರೆಯುತ್ತದೆ. ಪತಂಗ ಒಳಬಂದು ಮೊಟ್ಟೆ ಇಟ್ಟರೆ ಎರಡೇ ವಾರದಲ್ಲಿ ಕಂಬಳಿಹುಳು ಎಲೆ ತಿನ್ನುತ್ತಿರುತ್ತದೆ. ಹಾಗಾಗಿ ಬಾಗಿಲಿನ ಗಾಳಿದಾರಿಗೆ ಒಳಗೆ ಕಪ್ಪು ಬಣ್ಣ ಬಳಿದ, ಮೊಣಕೈಯಂತೆ ಬಾಗಿದ ಪ್ಲೈವುಡ್ ಪೆಟ್ಟಿಗೆ ಕೂರಿಸಿ. ಗಾಳಿ ಬಾಗಿ ಬರುತ್ತದೆ, ಬೆಳಕು ಹೊರಗೆ ಹೋಗುವುದಿಲ್ಲ. ಫ್ಯಾನಿನ ಹೊರಬದಿಗೂ ಕೆಳಮುಖದ ಮುಚ್ಚಳ ಬೇಕು. ಎರಡನೆಯದು, ಹಗಲಲ್ಲಿ ಕತ್ತಲಿದ್ದರೂ ಕೋಣೆ ಕಾಯುತ್ತದೆ. ಕತ್ತಲಲ್ಲಿ ಬಿಸಿ ಜಾಸ್ತಿಯಾದರೆ ಗಿಡ ರಾತ್ರಿ ಕೂಡಿಟ್ಟ ಸಕ್ಕರೆಯನ್ನು ಹಗಲಲ್ಲಿ ಸುಟ್ಟುಕೊಳ್ಳುತ್ತದೆ. ಆದ್ದರಿಂದ 10ಕ್ಕೆ ದೀಪ ಆರಿದ ಮೇಲೆ ಬಾಗಿಲಿನ ಪೆಟ್ಟಿಗೆಯನ್ನು ಬಹುಪಾಲು ಮುಚ್ಚಿ, ಹೊರಗಿನ ಬಿಸಿಗಾಳಿ ಒಳಗೆ ಬರದ ಹಾಗೆ ಮಾಡಿ. ಕೋಣೆಯ ಮೇಲಿನ ತಾರಸಿಗೆ ಫೆಬ್ರವರಿಯಲ್ಲೇ ಸುಣ್ಣ ಬಳಿಯಬೇಕಿತ್ತು, ಈಗಲಾದರೂ ಬಳಿಯಿರಿ. ಬಿಳಿ ತಾರಸಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಈ ಕೆಲಸಕ್ಕೆ ಬರುವಷ್ಟು ಲಾಭ ಇಷ್ಟು ಕಡಿಮೆ ದುಡ್ಡಿನಲ್ಲಿ ಬೇರೆ ಯಾವುದರಲ್ಲೂ ನಾನು ಕಂಡಿಲ್ಲ.

ಇನ್ನು ಎಸಿ. ಒಂದು ಟನ್ ಅಂದರೆ 3.5 ಕಿಲೋವಾಟ್ ಶಾಖ ತೆಗೆಯುವ ಶಕ್ತಿ. ಅಂಗಡಿಯವರು ಒಂದೂವರೆ ಟನ್ ಹೇಳಿದ್ದು ದೀಪ, ತಾರಸಿ, ಮಧ್ಯಾಹ್ನದ ಬಿಸಿ ಮೂರೂ ಒಟ್ಟಿಗೆ ಬೀಳುತ್ತವೆ ಎಂಬ ಲೆಕ್ಕದಲ್ಲಿ. ನೀವು ಈಗ ಅವನ್ನು ಬೇರೆ ಮಾಡುತ್ತಿದ್ದೀರಿ. ಎಸಿಗೆ ಉಳಿಯುವುದು ಹಗಲಿನ ಎಂಟು ಗಂಟೆ, ಅದೂ ದೀಪ ಆರಿದ ಕೋಣೆ. ಇನ್ನೊಂದು ಅನುಕೂಲವೂ ಇದೆ. ದೀಪ ಉರಿಯುವಾಗ ಕೋಣೆ ಮುಚ್ಚಿ ಎಸಿ ಹಾಕಿದರೆ ಗಿಡಗಳು ಒಳಗಿನ ಇಂಗಾಲದ ಡೈ ಆಕ್ಸೈಡ್ ಅನ್ನು ಬೇಗ ಖಾಲಿ ಮಾಡುತ್ತವೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420ರಷ್ಟು ಮಾತ್ರ ಇರುವುದು. ಅದು ಇಳಿದರೆ ಬೆಳಕಿದ್ದೂ ಗಿಡ ಬೆಳೆಯುವುದಿಲ್ಲ. ಕತ್ತಲಲ್ಲಿ ಗಿಡಕ್ಕೆ ಅದು ಬೇಡ. ಹಾಗಾಗಿ ಹಗಲು ಮುಚ್ಚಿದ ಕತ್ತಲು ಕೋಣೆ, ರಾತ್ರಿ ಗಾಳಿ ಹರಿಯುವ ಬೆಳಕಿನ ಕೋಣೆ ಎಂಬ ಏರ್ಪಾಟು ಎರಡು ಕಡೆಯಿಂದಲೂ ಸರಿಹೊಂದುತ್ತದೆ. ಎಸಿ ಮತ್ತು ಎಕ್ಸಾಸ್ಟ್ ಎರಡನ್ನೂ ಒಟ್ಟಿಗೆ ಮಾತ್ರ ಓಡಿಸಬೇಡಿ, ತಂಪು ಮಾಡಿದ ಗಾಳಿಗೆ ಬಿಲ್ ಕಟ್ಟಿ ಬೀದಿಗೆ ಚೆಲ್ಲಿದ ಹಾಗೆ.

ಕೂಲರ್ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ತಪ್ಪಲ್ಲ. ದಾವಣಗೆರೆ, ಬಳ್ಳಾರಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ 38 ಡಿಗ್ರಿ, ತೇವಾಂಶ ಶೇ 25 ಇದ್ದಾಗ ಒಳ್ಳೆಯ ಪ್ಯಾಡ್ ಇರುವ ಕೂಲರ್ 27ರ ಗಾಳಿ ಕೊಡಬಲ್ಲದು. ಮಂಗಳೂರು, ಉಡುಪಿಯಲ್ಲಿ ಅದೇ ಯಂತ್ರದಿಂದ ಬೆವರು ಬಿಟ್ಟು ಬೇರೇನೂ ಸಿಗುವುದಿಲ್ಲ. ಆದರೆ ಕೂಲರನ್ನು ಕೋಣೆಯ ಒಳಗಿಟ್ಟರೆ ಕೆಟ್ಟಿತು. ಅದೇ ಗಾಳಿಯನ್ನು ಮತ್ತೆ ಮತ್ತೆ ಒದ್ದೆ ಮಾಡುತ್ತಾ ಹೋಗುತ್ತದೆ. ಅದು ಬಾಗಿಲಿನ ಹೊರಗೆ ನಿಂತು ಹೊರಗಿನ ಗಾಳಿಯನ್ನು ಎಳೆದುಕೊಳ್ಳಬೇಕು, ಎಕ್ಸಾಸ್ಟ್ ಓಡುತ್ತಲೇ ಇರಬೇಕು. ಹಾಗೆ ಮಾಡಿದರೂ ತೇವಾಂಶ ಏರುವುದರಿಂದ ಮೈಕ್ರೋಗ್ರೀನ್ಸ್ ಇರುವ ಕೋಣೆಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಬರೀ ಲೆಟಿಸ್ ಇದ್ದಿದ್ದರೆ ಎಸಿಗಿಂತ ಮೊದಲು ಕೂಲರನ್ನೇ ಹೇಳುತ್ತಿದ್ದೆ.

ನೀವು ವಿಡಿಯೋದಲ್ಲಿ ನೋಡಿದ, ದೀಪದ ಮೇಲೆ ಪೈಪಿನಲ್ಲಿ ಗಾಳಿ ಹಾಯಿಸುವ ವಿಧಾನ 600, 1,000 ವಾಟ್‌ನ ಸೋಡಿಯಂ ದೀಪಗಳ ಕಾಲದ್ದು. ಆ ಬಲ್ಬುಗಳ ಮೈ ಕೆಲವು ನೂರು ಡಿಗ್ರಿ ಕಾಯುತ್ತದೆ. ಗಾಜಿನ ಮುಚ್ಚಳ ಹಾಕಿ ಆ ಶಾಖವನ್ನು ಅಲ್ಲಿಂದಲೇ ಹೊರಗೆ ಎಳೆಯುವುದು ಅಲ್ಲಿ ಸರಿ. ಎಲ್ಲೆಡೆ ಹರಡಿಕೊಂಡಿರುವ 20 ವಾಟ್ ಟ್ಯೂಬುಗಳಿಗೆ ಅದು ಬೇಡ. ನಿಮ್ಮ ದೀಪಗಳಿಗೆ ಬೇಕಾದ ತಂಪು ಬೇರೆ ಥರದ್ದು, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ.

ಟ್ಯೂಬುಗಳನ್ನು ಮೇಲಿನ ಅಂತಸ್ತಿನ ತಳಕ್ಕೆ ಅಂಟಿಸಿ ಕಟ್ಟಿದ್ದೀರಾ? ಹಾಗಿದ್ದರೆ ಅದರ ಬೆನ್ನಿನ ಬಿಸಿ ನೇರ ಮೇಲಿನ ಲೆಟಿಸ್ ಟ್ರೇಯ ನೀರಿಗೆ ಹೋಗುತ್ತದೆ. ಕೆಳಗಿನ ದೀಪ ಮೇಲಿನ ಬೇರನ್ನು ಕಾಯಿಸುತ್ತದೆ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಪಾತ್ರೆ ಇಟ್ಟ ಹಾಗೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30ರಲ್ಲಿ ಏಳೂವರೆ ಮಾತ್ರ. ಅದೇ ಬಿಸಿಯಲ್ಲಿ ಬೇರಿಗೆ ಬೇಕಾದ ಆಮ್ಲಜನಕ ಜಾಸ್ತಿಯಾಗುತ್ತದೆ, ಬೇರುಕೊಳೆ ರೋಗವೂ ಹತ್ತಿರ ಬರುತ್ತದೆ. ಟ್ಯೂಬನ್ನು ಎರಡು ಇಂಚು ಕೆಳಗೆ ತೂಗುಹಾಕಿ, ಆ ಸಂದಿಯಲ್ಲಿ ಗಾಳಿ ಆಡಲಿ. ಡ್ರೈವರ್ (ದೀಪಕ್ಕೆ ಬೇಕಾದಂತೆ ಕರೆಂಟ್ ಹೊಂದಿಸುವ ಪೆಟ್ಟಿಗೆ) ಬೇರೆ ಇರುವ ಬೋರ್ಡ್ ದೀಪಗಳನ್ನು ಮುಂದೆ ಕೊಂಡರೆ ಡ್ರೈವರುಗಳನ್ನು ಕೋಣೆಯ ಹೊರಗೆ, ನೆರಳಲ್ಲಿ ಇಡಿಸಿ. ಒಟ್ಟು ಶಾಖದ ಹತ್ತನೇ ಒಂದು ಭಾಗದಷ್ಟು ಅಲ್ಲೇ ಹೊರಗುಳಿಯುತ್ತದೆ.

ಶಾಖ ಹುಟ್ಟಿಸಿ ಆಮೇಲೆ ತೆಗೆಯುವುದಕ್ಕಿಂತ ಹುಟ್ಟಿಸದೇ ಇರುವುದು ಸುಲಭ, ಅಲ್ವಾ? ಮೈಕ್ರೋಗ್ರೀನ್ಸ್‌ಗೆ ಲೆಟಿಸ್‌ನಷ್ಟು ಬೆಳಕು ಬೇಡ. ಆ ರ‍್ಯಾಕ್‌ನಲ್ಲಿ ಅಂತಸ್ತಿಗೆ ಎರಡು ಟ್ಯೂಬ್ ಬಿಚ್ಚಿಡಿ, 12 ಗಂಟೆ ಉರಿಸಿದರೆ ಸಾಕು. ಮೊಳಕೆಯ ಮೊದಲ ದಿನಗಳಲ್ಲಿ ಬೆಳಕೇ ಬೇಡ. ಅಲ್ಲಿಗೆ 160 ವಾಟ್ ಕಡಿಮೆಯಾಯಿತು.

ಮಂಜುಗಡ್ಡೆಯ ಬಾಟಲಿ ಇಡುವವರನ್ನೂ ನೋಡಿದ್ದೇನೆ. ಗಾಳಿಗೆ ಅದು ಏನೂ ಸಾಲದು. ನಿಮ್ಮ ದೀಪಗಳ ಒಂದು ಗಂಟೆಯ ಶಾಖ ಕರಗಿಸಲು 10 ಕಿಲೋ ಮಂಜುಗಡ್ಡೆ ಬೇಕು. ಆದರೆ ಗೊಬ್ಬರದ ನೀರಿನ ಟ್ಯಾಂಕಿಗೆ ಅದೇ ಬಾಟಲಿ ನಿಜಕ್ಕೂ ಉಪಯೋಗ. 50 ಲೀಟರ್ ನೀರನ್ನು 29ರಿಂದ 24ಕ್ಕೆ ಇಳಿಸಲು ಎರಡೂವರೆ ಕಿಲೋ ಸಾಕು. ಮಧ್ಯಾಹ್ನ ಮುಚ್ಚಿದ ಬಾಟಲಿಯನ್ನೇ ಮುಳುಗಿಸಿಡಿ. ಫ್ರಿಜ್ ಮಾತ್ರ ಆ ಕೋಣೆಯಲ್ಲಿ ಬೇಡ, ಅದು ತನ್ನ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ.

ಎಲೆಯಂಚು ಸುಡುವುದಕ್ಕೆ ಕ್ಯಾಲ್ಸಿಯಂ ಗೊಬ್ಬರ ಜಾಸ್ತಿ ಹಾಕಿ ಎಂದು ನಿಮಗೆ ಯಾರಾದರೂ ಹೇಳಿರಬಹುದು, ಇಲ್ಲವೇ ಇನ್ನು ಮುಂದೆ ಹೇಳುತ್ತಾರೆ. ಕ್ಯಾಲ್ಸಿಯಂ ಕೊರತೆ ಇರುವುದು ಎಲೆಯ ತುದಿಯಲ್ಲಿ, ನೀರಿನಲ್ಲಲ್ಲ. ಗಿಡದಲ್ಲಿ ಅದು ನೀರಿನ ಹರಿವಿನ ಜೊತೆ ಮಾತ್ರ ಸಾಗುತ್ತದೆ. ನೀರು ಆರುವ ಎಲೆಗೆ ತಲುಪುತ್ತದೆ, ಆರದ ಎಲೆಗೆ ಇಲ್ಲ. ಲೆಟಿಸ್‌ನ ಒಳ ಎಲೆಗಳ ಸುತ್ತ ಗಾಳಿ ನಿಂತಿರುತ್ತದೆ, ಅಲ್ಲಿ ನೀರು ಆರುವುದಿಲ್ಲ. ಬಿಸಿಯಲ್ಲಿ ಎಲೆ ಬೇಗ ಬೆಳೆಯುವುದರಿಂದ ಕೊರತೆ ಇನ್ನಷ್ಟು ಕಾಣುತ್ತದೆ. ಪ್ರತಿ ಅಂತಸ್ತಿನ ತಲೆಗೆ ಕಂಪ್ಯೂಟರಿನ ಸಣ್ಣ ಫ್ಯಾನ್ ಎರಡೆರಡು ಕೂರಿಸಿ. ಎಲೆಗಳು ಮೆಲ್ಲಗೆ ಅಲುಗಾಡಿದರೆ ಸಾಕು, ಹೊಯ್ದಾಡಬಾರದು. ಈ ಫ್ಯಾನುಗಳು ಕೋಣೆಯನ್ನು ತಂಪು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಸೀಲಿಂಗ್ ಫ್ಯಾನೂ ಅಷ್ಟೇ. ಗಾಳಿ ಅಲುಗಿಸುವುದು ಒಂದು ಕೆಲಸ, ಶಾಖ ಹೊರಹಾಕುವುದು ಇನ್ನೊಂದು.

ಬೂಷ್ಟಿನ ಕಾರಣ ನಿಮ್ಮ ಟೈಮರ್. ರಾತ್ರಿ 10ಕ್ಕೆ ದೀಪದ ಜೊತೆ ಎಕ್ಸಾಸ್ಟೂ ನಿಲ್ಲುತ್ತದೆ. 28 ಡಿಗ್ರಿಯಲ್ಲಿ ಶೇ 65 ತೇವಾಂಶ ಇದ್ದ ಗಾಳಿಯೇ 22ಕ್ಕೆ ತಣಿದರೆ ಶೇ 90 ದಾಟುತ್ತದೆ. ಒಂದು ತೊಟ್ಟು ನೀರು ಸೇರಿಸದೆಯೇ. ಫ್ಯಾನಿಗೆ ಬೇರೆ ಟೈಮರ್ ಕೊಡಿ, ದೀಪ ಆರಿದ ಮೇಲೂ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಓಡಲಿ. ಎಸಿ ಹಾಕಿದರೆ ಅದೇ ತೇವಾಂಶ ಎಳೆಯುತ್ತದೆ, ಆಗ ಇದು ಬೇಡ. ಇನ್ನೊಂದು ಮಾತು: ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಬೇರಿನ ಸುತ್ತ ಒಂದೇ ಸಮ ಹರಡಿರುವ ನವಿರಾದ ಕೂದಲು ಬೇರುರೋಮ. ನೀರು ಚಿಮುಕಿಸಿದರೆ ಮಾಯವಾಗುತ್ತದೆ. ಬೀಜದಿಂದ ಬೀಜಕ್ಕೆ ಜೇಡನ ಬಲೆಯಂತೆ ಹಬ್ಬಿ, ನೀರು ಬಿದ್ದರೂ ಉಳಿದರೆ, ವಾಸನೆ ಬಂದರೆ ಅದು ಬೂಷ್ಟು. ಆ ಟ್ರೇಯನ್ನು ಹೋಟೆಲಿಗೆ ಕೊಡಬೇಡಿ.

ಥರ್ಮಾಮೀಟರ್ ಎಲ್ಲಿ ತೂಗುಹಾಕಿದ್ದೀರಿ ಎಂದು ಬರೆದಿಲ್ಲ. ದೀಪದ ಕೆಳಗೆ ನೇರ ಬೆಳಕಿನಲ್ಲಿದ್ದರೆ ಅದು ತನ್ನ ಮೈಯ ಬಿಸಿಯನ್ನು ತೋರಿಸುತ್ತದೆ. ಎಲೆಯ ಮಟ್ಟದಲ್ಲಿ, ಬಿಳಿ ಕಾಗದದ ನೆರಳು ಮಾಡಿ ಇಡಿ.

ಎಲ್ಲ ಮಾಡಿದರೂ ಏಪ್ರಿಲ್, ಮೇ ಲೆಟಿಸ್‌ಗೆ ಕಷ್ಟದ ಕಾಲವೇ. 30 ಡಿಗ್ರಿ ಹತ್ತಿರವಾದರೆ ಅದರ ಬೀಜ ಮೊಳೆಯಲು ಹಿಂಜರಿಯುತ್ತದೆ. ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಎರಡು ದಿನ ಕೆಳಮಹಡಿಯ ತಂಪು ಜಾಗದಲ್ಲಿ ಮೊಳೆಯಿಸಿ. ಇಲ್ಲವೇ ಈ ಎರಡು ತಿಂಗಳು ಒಂದು ರ‍್ಯಾಕ್‌ಗೆ ತುಳಸಿಯ ಜಾತಿಯ ಬೇಸಿಲ್, ಇನ್ನೊಂದಕ್ಕೆ ಹರಿವೆ ಹಾಕಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅರುಣಿಮಾ ಕೆಂಪು ಹರಿವೆ, ಅರ್ಕಾ ಸುಗುಣ ಹಸಿರು. ಎರಡೂ ಸೆಕೆಗೆ ಹೆದರುವ ಗಿಡಗಳಲ್ಲ. ಎಳೆ ಕೆಂಪು ಹರಿವೆ ತಟ್ಟೆಯಲ್ಲಿ ಎಷ್ಟು ಚೆಂದ ಕಾಣುತ್ತದೆ ಎಂದು ಹೋಟೆಲಿನವರಿಗೆ ಒಮ್ಮೆ ತೋರಿಸಿ. ಎಸಿಯ ದುಡ್ಡು ಪೂರ್ತಿ ಉಳಿಯಬಹುದು.

ಮಳೆಗಾಲ ಹಿಡಿದ ಮೇಲೆ ದೀಪದ ಹೊತ್ತನ್ನು ಮತ್ತೆ ಹಗಲಿಗೆ ತನ್ನಿ. ಆಗ ಹಗಲೂ ತಂಪಾಗಿರುತ್ತದೆ, ತೊಂದರೆ ಬಿಸಿಯದ್ದಲ್ಲ, ಹಸಿಯದ್ದು.

ಕರೆಂಟಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ನೀರು ಮತ್ತು ಒಂದು ಕಿಲೋವಾಟ್ ಒಂದೇ ಕೋಣೆಯಲ್ಲಿವೆ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ತೆಗೆಯಿರಿ. ಬೇರೆ ಲೈನ್ ಎಳೆಸಿ, ಅದಕ್ಕೆ ಹೊರೆ ಜಾಸ್ತಿಯಾದರೆ ಕರೆಂಟ್ ಕಡಿಯುವ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಹಾಕಿಸಿ. ರಾತ್ರಿಯೆಲ್ಲ ನೀವು ಮಲಗಿರುವಾಗ ಎಕ್ಸಾಸ್ಟ್ ಕೆಟ್ಟು ನಿಂತರೆ ದೀಪ ಉರಿಯುತ್ತಲೇ ಇರುತ್ತದೆ. ಅದಕ್ಕಾಗಿ 35 ಡಿಗ್ರಿ ದಾಟಿದರೆ ದೀಪವನ್ನು ತಾನೇ ಆರಿಸುವ ಥರ್ಮೋಸ್ಟಾಟ್ ಒಂದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಕಟ್ಟಿಸಿ.

ದೀಪದ ಹೊತ್ತು ಮತ್ತು ಬಾಗಿಲಿನ ಗಾಳಿದಾರಿ, ಇವೆರಡನ್ನು ಮುಗಿಸಿ ಒಂದು ವಾರ ನಾಲ್ಕು ಹೊತ್ತಿನ ಅಳತೆ ಬರೆದಿಡಿ: ನಸುಕಿನ 5, ಬೆಳಿಗ್ಗೆ 10, ಮಧ್ಯಾಹ್ನ 3, ರಾತ್ರಿ 10. ಕೋಣೆಯ ಬಿಸಿ, ತೇವಾಂಶ, ಟ್ಯಾಂಕಿನ ನೀರಿನ ಬಿಸಿ. ಅದನ್ನು ನನಗೆ ಕಳಿಸಿ. ಮಧ್ಯಾಹ್ನ 3ರ ಅಂಕಿ 32ರ ಕೆಳಗಿದ್ದರೆ ಈ ವರ್ಷ ಎಸಿ ಇಲ್ಲದೆಯೇ ದಾಟಬಹುದು.